ಪಿಸಿಎ, ಕ್ಲಸ್ಟರ್, ರಿಗ್ರೆಷನ್: ಮಾನವ ಭೂಗೋಳದ ಸಂಶೋಧನೆಗೆ ಯಾವುದನ್ನು ಆರಿಸಿಕೊಳ್ಳಬೇಕು?

ದಾವಣಗೆರೆ, ಚಿತ್ರದುರ್ಗದ ಕಡೆ ಭೂಗೋಳ ಓದುವವರ ಸಂಶೋಧನಾ ಪ್ರಸ್ತಾವಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಬರುತ್ತದೆ. ಚಿತ್ರದುರ್ಗ ಜಿಲ್ಲೆಯ ತಾಲೂಕುವಾರು ಅಭಿವೃದ್ಧಿಯ ಮಟ್ಟ. ವಿಷಯ ಒಳ್ಳೆಯದೇ. ವಿಧಾನ ಎಂದಿರುವ ಜಾಗದಲ್ಲಿ 'ಪಿಸಿಎ ಮತ್ತು ಕ್ಲಸ್ಟರ್ ಅನಾಲಿಸಿಸ್' ಎಂದು ಬರೆದಿರುತ್ತದೆ. ಪಿಸಿಎ ಎಂದರೆ ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್, ಹಲವು ಕಾಲಂಗಳನ್ನು ಕಾಂಪೊನೆಂಟ್ ಎಂಬ ಕೆಲವೇ ಹೊಸ ಕಾಲಂಗಳಿಗೆ ಇಳಿಸುವ ವಿಧಾನ. ಕ್ಲಸ್ಟರ್ ಎಂದರೆ ಒಂದನ್ನೊಂದು ಹೋಲುವ ಸಾಲುಗಳನ್ನು ಗುಂಪು ಮಾಡುವುದು. ಸೂಚಕಗಳು, ಅಂದರೆ ಟೇಬಲ್‌ನ ಕಾಲಂಗಳು, ಮೂವತ್ತು. ತಾಲೂಕುಗಳು, ಅಂದರೆ ಸಾಲುಗಳು, ಆರು.

ತೊಂದರೆ ಶುರುವಾಗುವುದು ಇಲ್ಲೇ. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಮೊಳಕಾಲ್ಮೂರು. ಆರೇ ಸಾಲು. ಆರು ಸಾಲಿನ ಟೇಬಲ್‌ನಿಂದ ಐದಕ್ಕಿಂತ ಹೆಚ್ಚು ಕಾಂಪೊನೆಂಟ್ ಹುಟ್ಟುವುದಿಲ್ಲ. ಆ ಐದೂ ಸೇರಿದರೆ ನೂರಕ್ಕೆ ನೂರು ವ್ಯತ್ಯಾಸ ಲೆಕ್ಕಕ್ಕೆ ಬಂದುಬಿಡುತ್ತದೆ. ಮೂವತ್ತು ಕಾಲಂಗಳಲ್ಲಿ ಮನಸ್ಸಿಗೆ ಬಂದ ಅಂಕಿ ತುಂಬಿದರೂ ಅದೇ ನೂರು ಬರುತ್ತದೆ. ಹಾಗಾಗಿ 'ಮೊದಲ ಮೂರು ಕಾಂಪೊನೆಂಟ್‌ಗಳು ಶೇ. 85ರಷ್ಟು ವಿವರಿಸಿದವು' ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ. ದತ್ತಾಂಶ ಪಿಸಿಎಗೆ ತಕ್ಕದ್ದೇ ಎಂದು ನೋಡುವ ಕೆಎಂಒ ಅಳತೆಯನ್ನು ಈ ಟೇಬಲ್ ಮೇಲೆ ಹಾಕಿದರೆ ಅದೂ ಸರಿಯಾಗಿ ಬರುವುದಿಲ್ಲ.

ಪಿಸಿಎ ಕೆಟ್ಟ ವಿಧಾನವಲ್ಲ. ಈ ಟೇಬಲ್‌ಗೆ ಅದು ಹೊಂದುವುದಿಲ್ಲ, ಅಷ್ಟೇ. ಹಲವು ಕಾಲಂಗಳನ್ನು ಒಟ್ಟಿಗೆ ನೋಡುವ ಬಹುಚರ ವಿಧಾನಗಳನ್ನು ಹೋಲಿಸುವಾಗ ಹೆಚ್ಚಿನ ಪುಸ್ತಕಗಳು ವಿಧಾನದಿಂದ ಶುರುಮಾಡುತ್ತವೆ. ನಾನು ಟೇಬಲ್‌ನ ಸಾಲಿನಿಂದ ಶುರುಮಾಡುತ್ತೇನೆ. ಆಮೇಲೆ ಪ್ರಶ್ನೆ. ಇವೆರಡು ಸರಿಯಾಗಿ ಗೊತ್ತಾದರೆ ವಿಧಾನಗಳ ಉದ್ದ ಪಟ್ಟಿಯಲ್ಲಿ ಕೊನೆಗೆ ಒಂದೋ ಎರಡೋ ಉಳಿಯುತ್ತವೆ.

ಒಂದು ಸಾಲು ಯಾರದ್ದು?

ನಿಮ್ಮ ಟೇಬಲ್‌ನ ಒಂದು ಸಾಲು ಒಂದು ತಾಲೂಕೋ, ಒಂದು ಹಳ್ಳಿಯೋ, ಒಂದು ವಾರ್ಡೋ, ಒಂದು ಮನೆಯೋ, ಒಬ್ಬ ವ್ಯಕ್ತಿಯೋ? ಇದನ್ನು ಮೊದಲು ಬರೆದಿಡಿ.

ಕರ್ನಾಟಕದ ಪ್ರಾದೇಶಿಕ ಅಸಮತೋಲನ ನೋಡಿದ ನಂಜುಂಡಪ್ಪ ಸಮಿತಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. 2002ರ ಆ ವರದಿ 35 ಸೂಚಕಗಳನ್ನು ಸೇರಿಸಿ ಒಂದು ಸಮಗ್ರ ಸೂಚ್ಯಂಕ ಮಾಡಿತು. 114 ತಾಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅದನ್ನು ನೋಡಿ ನಾವೂ 35 ಸೂಚಕ ತೆಗೆದುಕೊಳ್ಳೋಣ ಎಂದು ಹೊರಡುವವರು ಒಂದನ್ನು ಮರೆಯುತ್ತಾರೆ. ಸಮಿತಿಯ ಮುಂದೆ ಇಡೀ ರಾಜ್ಯದ 175 ತಾಲೂಕುಗಳಿದ್ದವು. ನಿಮ್ಮ ಮುಂದೆ ಆರು.

ಪರಿಹಾರ ಕಷ್ಟದ್ದಲ್ಲ. ಕೆಳಗಿಳಿಯಿರಿ. 2011ರ ಜನಗಣತಿಯಲ್ಲಿ ಹಳ್ಳಿ ಮಟ್ಟದ ಅಂಕಿಗಳು ಸಿಗುತ್ತವೆ. ಜನಸಂಖ್ಯೆ, ಸಾಕ್ಷರರು, ಪರಿಶಿಷ್ಟ ಜಾತಿ ಮತ್ತು ಪಂಗಡ, ಮುಖ್ಯ ಮತ್ತು ಅಲ್ಪಾವಧಿ ದುಡಿಮೆಗಾರರು, ಸಾಗುವಳಿದಾರರು, ಕೃಷಿ ಕೂಲಿಗಳು, ಮನೆ ಕೈಗಾರಿಕೆಯವರು. ಜೊತೆಗೆ ಶಾಲೆ, ಆಸ್ಪತ್ರೆ, ಬಸ್ಸು, ನೀರಾವರಿ ಭೂಮಿಯ ವಿವರ. ಒಂದೇ ತಾಲೂಕು ತೆಗೆದುಕೊಂಡರೂ ನೂರರ ಮೇಲೆ ಸಾಲು ಸಿಗಬಹುದು. ಅಲ್ಲಿ ಪಿಸಿಎಗೂ ಕ್ಲಸ್ಟರ್‌ಗೂ ಕೆಲಸ ಇದೆ. ಅಂಕಿ ಹಳೆಯದು ಎಂಬ ಆಕ್ಷೇಪ ನಿಜ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಆದರೂ ಆರು ಸಾಲಿನ ಹೊಸ ಅಂಕಿಗಿಂತ ಮುನ್ನೂರು ಸಾಲಿನ 2011ರ ಅಂಕಿಯೇ ಈ ವಿಧಾನಗಳಿಗೆ ಮೇಲು. ಗಣತಿಯ ವರ್ಷವನ್ನು ಶೀರ್ಷಿಕೆಯಲ್ಲೇ ಹಾಕಿಬಿಡಿ.

ಗಡಿಯ ವಿಷಯವನ್ನೂ ಇಲ್ಲೇ ಹೇಳಬೇಕು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಆಮೇಲೆ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಯಿತು. 1991ರ ಗಣತಿಯ 'ಚಿತ್ರದುರ್ಗ ಜಿಲ್ಲೆ' ಮತ್ತು 2001ರ 'ಚಿತ್ರದುರ್ಗ ಜಿಲ್ಲೆ' ಒಂದೇ ಜಾಗವಲ್ಲ. 2011ರಲ್ಲಿ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 19,45,497 ಎಂದಿರುವಾಗ ಅದರಲ್ಲಿ ಹರಪನಹಳ್ಳಿಯೂ ಇದೆ. ಹತ್ತು ವರ್ಷದ ಬದಲಾವಣೆ ಲೆಕ್ಕ ಹಾಕುವವರು ಹಳ್ಳಿಗಳನ್ನು ಕೂಡಿಸಿ ಎರಡೂ ಕಾಲಕ್ಕೆ ಒಂದೇ ಗಡಿ ಮಾಡಿಕೊಳ್ಳಲೇಬೇಕು.

ಗಡಿ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. 1979ರಲ್ಲಿ ಓಪನ್‌ಶಾ ಮತ್ತು ಟೇಲರ್ ಅಮೆರಿಕದ ಅಯೋವಾ ರಾಜ್ಯದ 99 ಕೌಂಟಿಗಳನ್ನು ಬೇರೆ ಬೇರೆ ರೀತಿಯಲ್ಲಿ ಒಟ್ಟುಗೂಡಿಸಿ ನೋಡಿದರು. ವಯಸ್ಸಾದವರ ಪ್ರಮಾಣ ಮತ್ತು ರಿಪಬ್ಲಿಕನ್ ಮತದ ನಡುವಿನ ಸಹಸಂಬಂಧ (ಒಂದು ಏರಿದಾಗ ಇನ್ನೊಂದೂ ಏರಿದರೆ ಪ್ಲಸ್, ಇಳಿದರೆ ಮೈನಸ್) ಹೆಚ್ಚುಕಡಿಮೆ −1ರಿಂದ +1ರವರೆಗೆ ಎಲ್ಲಿ ಬೇಕಾದರೂ ಬಂತು. ಅಂಕಿ ಅದೇ, ಜನ ಅವರೇ. ಗಡಿ ಎಳೆದ ರೀತಿ ಮಾತ್ರ ಬೇರೆ. ಆದ್ದರಿಂದ ಆಗುವುದಾದರೆ ಹಳ್ಳಿ ಮಟ್ಟದಲ್ಲೂ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಎರಡು ಸಲ ಲೆಕ್ಕ ಮಾಡಿ, ಎರಡನ್ನೂ ತೋರಿಸಿ.

ಸ್ಥಾನ ಬೇಕೋ, ಬಗೆ ಬೇಕೋ?

ಪಿಸಿಎ ಮತ್ತು ಕ್ಲಸ್ಟರ್ ನಡುವಿನ ಆಯ್ಕೆ ಈ ಪ್ರಶ್ನೆಯಲ್ಲೇ ಇದೆ.

ಪಿಸಿಎ ಹಲವು ಕಾಲಂಗಳನ್ನು ಕೆಲವೇ ಕಾಲಂಗಳಿಗೆ ಇಳಿಸುತ್ತದೆ. ಚಿತ್ರದುರ್ಗದ ಕೋಟೆಯನ್ನು ಒಂದೇ ಫೋಟೋದಲ್ಲಿ ತೋರಿಸಬೇಕು ಎಂದಿಟ್ಟುಕೊಳ್ಳಿ. ಬೆಟ್ಟ ಅತಿ ಹೆಚ್ಚು ಅಗಲವಾಗಿ ಕಾಣುವ ದಿಕ್ಕನ್ನು ಹುಡುಕಿ ನಿಲ್ಲುತ್ತೀರಿ, ಅಲ್ವಾ? ಮೊದಲ ಕಾಂಪೊನೆಂಟ್ ಅದೇ ದಿಕ್ಕು. ಎಲ್ಲ ಹಳ್ಳಿಗಳ ನಡುವಿನ ವ್ಯತ್ಯಾಸ ಅತಿ ಹೆಚ್ಚು ಕಾಣುವ ಕೋನ. ಅದರ ಮೇಲೆ ಪ್ರತಿ ಹಳ್ಳಿಗೂ ಒಂದು ಅಂಕ ಸಿಗುತ್ತದೆ. ಆ ಅಂಕದಿಂದ ಸ್ಥಾನ ಕೊಡಬಹುದು, ನಕ್ಷೆಗೆ ಬಣ್ಣ ತುಂಬಬಹುದು.

ಆದರೆ ಸ್ಥಾನ ಕೊಡುವುದರಲ್ಲಿ ಒಂದು ನಷ್ಟ ಇದೆ. ಜಗಳೂರಿನ ಒಣ ಭೂಮಿಯ ಒಂದು ಹಳ್ಳಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಒಂದು ಊರು. ಇವೆರಡಕ್ಕೂ ಸೂಚ್ಯಂಕದಲ್ಲಿ ಒಂದೇ ಅಂಕ ಬರಬಹುದು. ಒಂದಕ್ಕೆ ನೀರಿಲ್ಲ, ಇನ್ನೊಂದಕ್ಕೆ ಮಗ್ಗದ ಕೂಲಿ ಸಾಲದು. ಒಂದೇ ಅಂಕ ನೋಡಿ ಒಂದೇ ಯೋಜನೆ ಕೊಟ್ಟರೆ ಯಾರಿಗೂ ಉಪಯೋಗವಾಗುವುದಿಲ್ಲ. ನಿಮ್ಮ ಪ್ರಶ್ನೆ 'ಯಾವುದು ಹೆಚ್ಚು ಹಿಂದೆ' ಎಂದಾಗಿದ್ದರೆ ಪಿಸಿಎ. 'ಹಿಂದುಳಿದಿರುವಿಕೆಯಲ್ಲಿ ಎಷ್ಟು ಬಗೆ' ಎಂದಾಗಿದ್ದರೆ ಕ್ಲಸ್ಟರ್. ನಮ್ಮ ಎರಡು ಜಿಲ್ಲೆಗಳಿಗೆ ಎರಡನೇ ಪ್ರಶ್ನೆಯೇ ಹೆಚ್ಚು ಉಪಯೋಗದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಭದ್ರಾ ನಾಲೆಯ ಭತ್ತ, ಚನ್ನಗಿರಿಯ ಅಡಿಕೆ, ಚಳ್ಳಕೆರೆಯ ಶೇಂಗಾ ಮತ್ತು ಕುರಿ, ದಾವಣಗೆರೆ ಪೇಟೆಯ ಸುತ್ತಲಿನ ಕೂಲಿ. ಇವನ್ನು ಒಂದೇ ಏಣಿಯ ಮೆಟ್ಟಿಲುಗಳೆಂದು ನೋಡಿದರೆ ಜಿಲ್ಲೆ ಅರ್ಥವಾಗುವುದಿಲ್ಲ.

ಪಿಸಿಎ ಆರಿಸಿಕೊಂಡರೆ ಮೂರು ವಿಷಯ ನೆನಪಿರಲಿ. ಮೊದಲನೆಯದು, ಕಾಲಂಗಳನ್ನು ಒಂದೇ ಅಳತೆಗೆ ತನ್ನಿ. ಇಲ್ಲದಿದ್ದರೆ ರೂಪಾಯಿಯಲ್ಲಿರುವ ಕಾಲಂ ಶೇಕಡಾದಲ್ಲಿರುವ ಕಾಲಂ ಅನ್ನು ನುಂಗಿಬಿಡುತ್ತದೆ. ಎರಡನೆಯದು, ಪ್ಲಸ್ ಮೈನಸ್ ಚಿಹ್ನೆಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಒಂದು ಸಾಫ್ಟ್‌ವೇರ್‌ನಲ್ಲಿ ಮುಂದುವರಿದ ಹಳ್ಳಿಗೆ ಪ್ಲಸ್ ಬಂದರೆ ಇನ್ನೊಂದರಲ್ಲಿ ಮೈನಸ್ ಬರಬಹುದು. ಪ್ರತಿ ಕಾಲಂಗೆ ಕಾಂಪೊನೆಂಟ್ ಜೊತೆ ಇರುವ ನಂಟಿನ ಅಂಕಿ, ಅಂದರೆ ಲೋಡಿಂಗ್, ನೋಡದೆ ನಕ್ಷೆ ಮಾಡಬೇಡಿ.

ಮೂರನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಸಾಗುವಳಿದಾರರು, ಕೃಷಿ ಕೂಲಿಗಳು, ಮನೆ ಕೈಗಾರಿಕೆ, ಇತರೆ. ಈ ನಾಲ್ಕು ಶೇಕಡಾಗಳು ಕೂಡಿದರೆ ಯಾವಾಗಲೂ ನೂರು. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಹಾಗಾಗಿ ಇವುಗಳ ನಡುವೆ ಕಾಣುವ ಮೈನಸ್ ಸಂಬಂಧದಲ್ಲಿ ಒಂದು ಪಾಲು ಲೆಕ್ಕದ್ದೇ ಹೊರತು ಊರಿನದ್ದಲ್ಲ. ಭೂಬಳಕೆ, ಬೆಳೆ ಪ್ರಮಾಣಕ್ಕೂ ಇದೇ ಮಾತು. 1980ರ ದಶಕದಲ್ಲಿ ಏಚಿಸನ್ ಇದಕ್ಕೆ ದಾರಿ ತೋರಿಸಿದರು. ಶೇಕಡಾಗಳ ಅನುಪಾತ ತೆಗೆದು, ಅದರ ಲಾಗ್ ಹಾಕಿ, ಆಮೇಲೆ ಪಿಸಿಎ ಮಾಡುವುದು. ಅದು ಬೇಡವೆನಿಸಿದರೆ ಕೊನೆಪಕ್ಷ ನಾಲ್ಕರಲ್ಲಿ ಒಂದು ಕಾಲಂ ಬಿಡಿ, ಬಿಟ್ಟಿದ್ದನ್ನು ಹೇಳಿ.

ಪಿಸಿಎಗೂ ಫ್ಯಾಕ್ಟರ್ ಅನಾಲಿಸಿಸ್‌ಗೂ ವ್ಯತ್ಯಾಸ

ಪ್ರಬಂಧಗಳಲ್ಲಿ ಎರಡನ್ನೂ ಒಂದೇ ಎಂಬಂತೆ ಬರೆಯುತ್ತಾರೆ. ಇದಕ್ಕೆ ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶದ ಸಾಫ್ಟ್‌ವೇರ್ ಕೂಡ ಒಂದು ಕಾರಣ. ಅದರಲ್ಲಿ ಫ್ಯಾಕ್ಟರ್ ಎಂಬ ಮೆನು ಒತ್ತಿದರೆ, ನೀವು ಬದಲಾಯಿಸದಿದ್ದರೆ, ನಡೆಯುವುದು ಪಿಸಿಎಯೇ.

ಪಿಸಿಎ ನಿಮ್ಮ ಕಾಲಂಗಳ ಸಂಕ್ಷೇಪ. ಫ್ಯಾಕ್ಟರ್ ಅನಾಲಿಸಿಸ್ ಹಾಗಲ್ಲ. ಈ ಉತ್ತರಗಳ ಹಿಂದೆ ಕಣ್ಣಿಗೆ ಕಾಣದ ಒಂದು ಭಾವನೆ ಅಥವಾ ನಿಲುವು ಇದೆ, ಅದೇ ಈ ಉತ್ತರಗಳನ್ನು ಹೊರಡಿಸುತ್ತಿದೆ ಎಂದು ಅದು ಮುಂಚೆಯೇ ಹಿಡಿಯುತ್ತದೆ. ಜನಗಣತಿಯ ಅಂಕಿಗೆ ಪಿಸಿಎ ಸಾಕು. ಪ್ರಶ್ನಾವಳಿಗೆ ಫ್ಯಾಕ್ಟರ್ ಅನಾಲಿಸಿಸ್. ಊರು ಬಿಡಲು ಮನಸ್ಸಿದೆಯೇ, ಊರಿನವರ ಮೇಲೆ ನಂಬಿಕೆ ಇದೆಯೇ, ರಾತ್ರಿ ಬಸ್ ನಿಲ್ದಾಣದಿಂದ ನಡೆದು ಬರಲು ಭಯವೇ ಎಂದು ಐದು ಅಂಕದ ಅಳತೆಯಲ್ಲಿ ಹೆಣ್ಣುಮಕ್ಕಳನ್ನು ಕೇಳಿದ್ದೀರಿ ಎಂದುಕೊಳ್ಳಿ. ಅಲ್ಲಿ ಸುರಕ್ಷತೆಯ ಭಾವ ಎಂಬುದನ್ನು ಯಾರೂ ನೇರವಾಗಿ ಅಳೆದಿಲ್ಲ. ಹಲವು ಉತ್ತರಗಳ ಹಿಂದೆ ಅದನ್ನು ಹುಡುಕಬೇಕು.

ಎಷ್ಟು ಫ್ಯಾಕ್ಟರ್ ಇಟ್ಟುಕೊಳ್ಳಬೇಕು? ಒಂದು ಫ್ಯಾಕ್ಟರ್ ಎಷ್ಟು ವ್ಯತ್ಯಾಸ ವಿವರಿಸುತ್ತದೆ ಎಂದು ಹೇಳುವ ಐಗನ್ ಮೌಲ್ಯ 1ಕ್ಕಿಂತ ಹೆಚ್ಚಿರುವುದನ್ನೆಲ್ಲ ಇಟ್ಟುಕೊಳ್ಳುವ ಪದ್ಧತಿ ಸುಲಭ. ಆದರೆ ಅದು ಹಲವು ಸಲ ಬೇಕಾದ್ದಕ್ಕಿಂತ ಜಾಸ್ತಿ ಕೊಡುತ್ತದೆ. 1965ರಲ್ಲಿ ಹಾರ್ನ್ ಸೂಚಿಸಿದ ಪ್ಯಾರಲಲ್ ಅನಾಲಿಸಿಸ್ ಹೆಚ್ಚು ನಂಬಿಕೆಯದ್ದು. ಸುಮ್ನೆ ಹುಟ್ಟಿಸಿದ ಅಂಕಿಗಳಿಂದ ಎಷ್ಟು ದೊಡ್ಡ ಐಗನ್ ಮೌಲ್ಯ ಬರಬಹುದು ಎಂದು ನೋಡಿ, ಅದಕ್ಕಿಂತ ಮೇಲಿದ್ದುದನ್ನು ಮಾತ್ರ ಇಟ್ಟುಕೊಳ್ಳುವುದು. ಓದಲು ಸುಲಭವಾಗಲಿ ಎಂದು ಫ್ಯಾಕ್ಟರ್‌ಗಳನ್ನು ತಿರುಗಿಸುವಾಗ ಎಲ್ಲರೂ ವೇರಿಮ್ಯಾಕ್ಸ್ ಒತ್ತುತ್ತಾರೆ. ಅದು ಫ್ಯಾಕ್ಟರ್‌ಗಳ ನಡುವೆ ಸಂಬಂಧವೇ ಇಲ್ಲ ಎಂದು ಹಿಡಿಯುತ್ತದೆ. ಜನರ ಭಯಕ್ಕೂ ನಂಬಿಕೆಗೂ ಸಂಬಂಧ ಇಲ್ಲದೆ ಇರುತ್ತದೆಯೇ? ಆ ಸಂಬಂಧಕ್ಕೆ ಜಾಗ ಬಿಡುವ ಆಬ್ಲಿಮಿನ್ ಆರಿಸಿಕೊಳ್ಳಿ.

ಕ್ಲಸ್ಟರ್ ಒಳಗಿನ ಆಯ್ಕೆಗಳು

ಸಾಲುಗಳು ಕೆಲವು ನೂರರ ಒಳಗಿದ್ದರೆ ವಾರ್ಡ್ ಎಂಬವರ ವಿಧಾನ. 1963ರದ್ದು. ಗುಂಪುಗಳು ಒಂದೊಂದಾಗಿ ಕೂಡುವುದನ್ನು ಮರದ ಚಿತ್ರದಲ್ಲಿ ತೋರಿಸುತ್ತದೆ. ಎಲ್ಲಿ ಕತ್ತರಿಸಬೇಕು ಎಂದು ಕಣ್ಣಿಂದ ನೋಡಿ ಯೋಚಿಸಬಹುದು. ಸಾವಿರಾರು ಸಾಲಿದ್ದರೆ ಕೆ-ಮೀನ್ಸ್. ಅದಕ್ಕೆ ಗುಂಪು ಎಷ್ಟು ಎಂದು ಮುಂಚೆಯೇ ಹೇಳಬೇಕು. ಎಲ್ಲಿಂದ ಶುರುವಾಯಿತು ಎನ್ನುವುದರ ಮೇಲೆ ಅದರ ಉತ್ತರ ಬದಲಾಗುತ್ತದೆ, ಆದ್ದರಿಂದ ಐವತ್ತೋ ನೂರೋ ಬೇರೆ ಬೇರೆ ಆರಂಭಗಳಿಂದ ಓಡಿಸಿ.

ಈ ಎರಡು ಕ್ಲಸ್ಟರ್ ವಿಧಾನಗಳೂ ಯಾವತ್ತೂ 'ಇಲ್ಲಿ ಗುಂಪಿಲ್ಲ' ಎಂದು ಹೇಳುವುದಿಲ್ಲ. ನಾಲ್ಕು ಕೇಳಿದರೆ ನಾಲ್ಕು ಕೊಡುತ್ತವೆ. ಅದಕ್ಕೇ ಪ್ರತಿ ಸಾಲು ತನ್ನ ಗುಂಪಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಅಳೆಯುವ ಸಿಲುಯೆಟ್ ಅಂಕ ನೋಡಬೇಕು. ಸರಾಸರಿ 0.25ಕ್ಕಿಂತ ಕಡಿಮೆ ಬಂದರೆ ಗಟ್ಟಿ ಗುಂಪುಗಳಿಲ್ಲ ಎಂದು ಓದುವುದು ರೂಢಿ. ಹಾಗೆ ಬಂದರೆ ಹಾಗೆಯೇ ಬರೆಯಿರಿ. ಗುಂಪಿಲ್ಲ ಎನ್ನುವುದೂ ಒಂದು ಫಲಿತಾಂಶ.

ದಾವಣಗೆರೆ ನಗರವನ್ನು ಹಳ್ಳಿಗಳ ಜೊತೆ ಒಂದೇ ಟೇಬಲ್‌ಗೆ ಹಾಕಬೇಡಿ. ಜನಸಾಂದ್ರತೆಯ ಕಾಲಂನಲ್ಲಿ ಅದು ಒಂಟಿಯಾಗಿ ಬಹಳ ದೂರ ನಿಲ್ಲುತ್ತದೆ, ತಾನೊಂದೇ ಒಂದು ಗುಂಪಾಗುತ್ತದೆ, ಉಳಿದ ಹಳ್ಳಿಗಳೆಲ್ಲ ಇನ್ನೊಂದು ಗುಂಪು. ಹಾಗೆಯೇ ಶಾಲೆಯ ಬಗ್ಗೆ ಐದು ಕಾಲಂ, ನೀರಿನ ಬಗ್ಗೆ ಒಂದು ಕಾಲಂ ಇಟ್ಟರೆ ಗುಂಪುಗಳನ್ನು ಶಾಲೆಯೇ ತೀರ್ಮಾನಿಸುತ್ತದೆ. ನೀವು ಕೇಳದಿದ್ದರೂ ಶಾಲೆಗೆ ಐದು ಪಟ್ಟು ತೂಕ ಕೊಟ್ಟಂತಾಯಿತು.

ಇನ್ನೊಂದು ಆಯ್ಕೆ, ಅಕ್ಕಪಕ್ಕದ ಹಳ್ಳಿಗಳೇ ಒಂದು ಗುಂಪಾಗಬೇಕು ಎಂಬ ಷರತ್ತು ಹಾಕುವುದು. ಜಿಯೋಡಾ ಎಂಬ ಸಾಫ್ಟ್‌ವೇರ್‌ನಲ್ಲಿ ಸ್ಕೇಟರ್ ಎಂಬ ಹೆಸರಲ್ಲಿ ಸಿಗುತ್ತದೆ. ಆಸ್ಪತ್ರೆ ವಲಯ, ಬಸ್ ವಲಯ ಎಂದು ಯೋಜನಾ ಪ್ರದೇಶ ಎಳೆಯುವವರಿಗೆ ಅದು ಬೇಕು. ಉಳಿದವರು ಷರತ್ತಿಲ್ಲದೆ ಮಾಡಿ. ವಾಣಿ ವಿಲಾಸ ಸಾಗರದ ನೀರುಣ್ಣುವ ಹಿರಿಯೂರಿನ ಹಳ್ಳಿ ಮತ್ತು ಭದ್ರಾ ಅಚ್ಚುಕಟ್ಟಿನ ಹರಿಹರದ ಹಳ್ಳಿ ಅಷ್ಟು ದೂರವಿದ್ದೂ ಒಂದೇ ಗುಂಪಿಗೆ ಬಿದ್ದರೆ, ಭೂಗೋಳದವರಿಗೆ ಅದಕ್ಕಿಂತ ಖುಷಿಯ ಸಂಗತಿ ಇನ್ನೇನಿದೆ?

ಯಾಕೆ ಎಂದು ಕೇಳುವವರಿಗೆ

ಇಲ್ಲಿಯವರೆಗಿನ ವಿಧಾನಗಳು ಬಣ್ಣಿಸುತ್ತವೆ. ಯಾವುದು ಯಾವುದರ ಜೊತೆ ಹೋಗುತ್ತದೆ ಎಂದು ಲೆಕ್ಕ ಹಾಕಬೇಕಾದರೆ ರಿಗ್ರೆಷನ್ ಕುಟುಂಬಕ್ಕೆ ಬರಬೇಕು. ಯಾವ ರಿಗ್ರೆಷನ್ ಎನ್ನುವುದನ್ನು ನೀವು ವಿವರಿಸಬೇಕೆಂದಿರುವ ಮುಖ್ಯ ಕಾಲಂ ಹೇಳುತ್ತದೆ.

ಆದಾಯ, ದೂರ, ಎಕರೆ, ಹೀಗೆ ಅಳತೆಯ ಅಂಕಿಯಾದರೆ ಮಲ್ಟಿಪಲ್ ರಿಗ್ರೆಷನ್. ಗುಳೆ ಹೋದರೋ ಇಲ್ಲವೋ ಎಂಬ ಹೌದು-ಅಲ್ಲ ಆದರೆ ಲಾಜಿಸ್ಟಿಕ್. ಬೆಂಗಳೂರಿಗೆ ಹೋದರೋ, ಕಾಫಿ ತೋಟಕ್ಕೆ ಹೋದರೋ, ಊರಲ್ಲೇ ಉಳಿದರೋ ಎಂದು ಮೂರು ಉತ್ತರ ಇದ್ದರೆ ಮಲ್ಟಿನಾಮಿಯಲ್ ಲಾಜಿಸ್ಟಿಕ್. ಹಳೆಯ ಪ್ರಬಂಧಗಳಲ್ಲಿ ಇದೇ ಕೆಲಸಕ್ಕೆ ಡಿಸ್ಕ್ರಿಮಿನೆಂಟ್ ಅನಾಲಿಸಿಸ್ ಕಾಣುತ್ತದೆ. 1936ರಲ್ಲಿ ಫಿಶರ್ ಐರಿಸ್ ಹೂವಿನ ಎಸಳುಗಳ ಅಳತೆಯಿಂದ ಜಾತಿ ಬೇರೆ ಮಾಡಿ ತೋರಿಸಿದ ವಿಧಾನ ಅದು. ಎಸಳಿನ ಉದ್ದ ಅಗಲಕ್ಕೆ ಚೆನ್ನಾಗಿ ಹೊಂದುತ್ತದೆ. ನಮ್ಮ ಮನೆ ಸಮೀಕ್ಷೆಯಲ್ಲಿ ಇರುವುದು ಜಾತಿ, ಲಿಂಗ, ಪಡಿತರ ಚೀಟಿ ಇದೆಯೋ ಇಲ್ಲವೋ, ಬೋರ್ ಇದೆಯೋ ಇಲ್ಲವೋ ಎಂಬಂಥ ಕಾಲಂಗಳು. ಅವು ಡಿಸ್ಕ್ರಿಮಿನೆಂಟ್ ಬಯಸುವ ಸಹಜ (ನಾರ್ಮಲ್) ಹರಡುವಿಕೆಗೆ ಹತ್ತಿರವೂ ಬರುವುದಿಲ್ಲ. ನನ್ನ ಮತ ಲಾಜಿಸ್ಟಿಕ್‌ಗೆ.

ಲಾಜಿಸ್ಟಿಕ್ ಫಲಿತಾಂಶ ಓದುವಾಗ ಎಚ್ಚರ ಬೇಕು. ಬೋರ್ ಇರುವ ನೂರು ಮನೆಗಳಲ್ಲಿ 20, ಬೋರ್ ಇಲ್ಲದ ನೂರರಲ್ಲಿ 50 ಮನೆಗಳವರು ಗುಳೆ ಹೋದರು ಎಂದಿಟ್ಟುಕೊಳ್ಳಿ. ಮೊದಲನೆಯದರ ಆಡ್ಸ್, ಅಂದರೆ ಹೋದವರಿಗೂ ಹೋಗದವರಿಗೂ ಇರುವ ಅನುಪಾತ, 20ಕ್ಕೆ 80, ಅಂದರೆ 0.25. ಎರಡನೆಯದು 50ಕ್ಕೆ 50, ಅಂದರೆ 1. ಈ ಎರಡು ಆಡ್ಸ್‌ಗಳ ಅನುಪಾತ, ಅಂದರೆ ಆಡ್ಸ್ ರೇಷಿಯೋ, 4. ಇದನ್ನು 'ಬೋರ್ ಇಲ್ಲದವರು ಗುಳೆ ಹೋಗುವ ಸಾಧ್ಯತೆ ನಾಲ್ಕು ಪಟ್ಟು' ಎಂದು ಬರೆಯುತ್ತಾರೆ. ಸಾಧ್ಯತೆ ನಾಲ್ಕು ಪಟ್ಟಲ್ಲ, ಎರಡೂವರೆ ಪಟ್ಟು. ಈ ವಾಕ್ಯವೇ ಪತ್ರಿಕೆಗೂ ಅಧಿಕಾರಿಗಳಿಗೂ ಹೋಗುವುದು. ಸರಿಯಾಗಿ ಬರೆಯುವುದು ಆ ಮನೆಗಳವರಿಗೆ ನಾವು ಕೊಡಬೇಕಾದ ಮರ್ಯಾದೆ.

ಎಷ್ಟು ಕಾಲಂ ಹಾಕಬಹುದು ಎಂಬುದಕ್ಕೂ ಮಿತಿ ಇದೆ. ಲಾಜಿಸ್ಟಿಕ್‌ನಲ್ಲಿ ಕಡಿಮೆ ಇರುವ ಉತ್ತರದ ಹತ್ತು ಮನೆಗೆ ಒಂದು ಕಾಲಂ ಎಂಬುದು ಬಳಕೆಯ ಲೆಕ್ಕ. ಇನ್ನೂರು ಮನೆ ಸುತ್ತಿ ನಲವತ್ತು ಗುಳೆ ಮನೆ ಸಿಕ್ಕರೆ ನಾಲ್ಕು ಕಾಲಂ, ಹದಿನಾಲ್ಕಲ್ಲ. ಮಲ್ಟಿಪಲ್ ರಿಗ್ರೆಷನ್‌ಗೆ ಐವತ್ತು ಸಾಲು, ಅದರ ಮೇಲೆ ಕಾಲಂಗೆ ಎಂಟರಂತೆ ಎಂಬ ಗ್ರೀನ್ ಅವರ ಲೆಕ್ಕ ಇದೆ. ದಾವಣಗೆರೆ ಮಹಾನಗರ ಪಾಲಿಕೆಯ 45 ವಾರ್ಡುಗಳನ್ನಷ್ಟೇ ಇಟ್ಟುಕೊಂಡು ಹತ್ತು ಕಾಲಂ ರಿಗ್ರೆಷನ್ ಮಾಡಲು ಹೊರಟವರು ಇದನ್ನು ನೋಡಬೇಕು.

ಕಾಲಂಗಳು ಒಂದಕ್ಕೊಂದು ಅಂಟಿಕೊಂಡಿರುವುದು ಇನ್ನೊಂದು ತೊಡಕು. ಚನ್ನಗಿರಿ ಕಡೆ ನೀರಾವರಿ, ಅಡಿಕೆ ತೋಟ, ಆರ್‌ಸಿಸಿ ಮನೆ, ಬೈಕು ಎಲ್ಲ ಒಟ್ಟಿಗೇ ಹೋಗುತ್ತವೆ. ನಾಲ್ಕನ್ನೂ ರಿಗ್ರೆಷನ್‌ಗೆ ಹಾಕಿದರೆ ಯಾವುದರ ಪ್ರಭಾವ ಎಷ್ಟು ಎಂದು ಲೆಕ್ಕ ಬೇರ್ಪಡಿಸಲಾರದು. ಚಿಹ್ನೆಗಳೂ ತಲೆಕೆಳಗಾಗಬಹುದು. ಈ ಅಂಟನ್ನು ಅಳೆಯುವ ವಿಐಎಫ್ 5 ದಾಟಿದರೆ ಅನುಮಾನಿಸಿ, 10 ದಾಟಿದರೆ ಏನಾದರೂ ಮಾಡಿ. ಮೊದಲು ಪಿಸಿಎ ಮಾಡಿ ಅದರ ಅಂಕವನ್ನು ರಿಗ್ರೆಷನ್‌ಗೆ ಹಾಕಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಲೆಕ್ಕ ಸರಿಹೋಗುತ್ತದೆ, ಆದರೆ 'ಎರಡನೇ ಕಾಂಪೊನೆಂಟ್ ಒಂದು ಹೆಚ್ಚಿದರೆ' ಎಂಬ ವಾಕ್ಯದಿಂದ ಊರಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಯೋಚಿಸಿ ನಾಲ್ಕರಲ್ಲಿ ಒಂದನ್ನು ಇಟ್ಟುಕೊಳ್ಳುವುದು ಮೇಲು.

ಇನ್ನೊಂದು ಮಾತು. ನಿಮ್ಮ ಟೇಬಲ್‌ನಲ್ಲಿ ಇಲ್ಲದ ಕಾಲಂ ಬಗ್ಗೆ ಯಾವ ರಿಗ್ರೆಷನ್ನೂ ಹೇಳುವುದಿಲ್ಲ. ಗುಳೆ ಹೋಗುವವರಿಗೆ ಮೇಸ್ತ್ರಿ ಮುಂಗಡ ಕೊಟ್ಟಿದ್ದನೇ, ಮೊದಲು ಹೋದ ನೆಂಟರು ಅಲ್ಲಿ ಯಾರಿದ್ದರು, ಮಕ್ಕಳನ್ನು ಯಾರ ಹತ್ತಿರ ಬಿಟ್ಟರು? ಇವನ್ನು ಹತ್ತು ಮನೆಯಲ್ಲಿ ಕೂತು ಮಾತಾಡಿ ತಿಳಿದುಕೊಂಡು, ಆಮೇಲೆ ಪ್ರಶ್ನಾವಳಿ ಬರೆಯಿರಿ. ಪ್ರಶ್ನಾವಳಿ ಅಚ್ಚಾದ ಮೇಲೆ ತಿಳಿದರೆ ತಡವಾಗುತ್ತದೆ.

ಪಕ್ಕದ ಹಳ್ಳಿಯೂ ಲೆಕ್ಕಕ್ಕೆ ಬರುತ್ತದೆ

ಹತ್ತಿರದವು ದೂರದವುಗಳಿಗಿಂತ ಹೆಚ್ಚು ಸಂಬಂಧ ಹೊಂದಿರುತ್ತವೆ ಎಂದು ಟೋಬ್ಲರ್ 1970ರಲ್ಲಿ ಬರೆದರು. ಸಾಮಾನ್ಯ ರಿಗ್ರೆಷನ್ ಮಾತ್ರ ಪ್ರತಿ ಹಳ್ಳಿಯೂ ಸ್ವತಂತ್ರ ಎಂದು ಹಿಡಿಯುತ್ತದೆ. ಹಾಗಾಗಿ ಅಂದಾಜಿನ ಅನಿಶ್ಚಿತತೆ ಹೇಳುವ ಸ್ಟ್ಯಾಂಡರ್ಡ್ ಎರರ್ ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಬರುತ್ತದೆ, ಏನೂ ಇಲ್ಲದ ಕಡೆಯೂ ಪಿ-ಮೌಲ್ಯ 'ಸಿಗ್ನಿಫಿಕೆಂಟ್' (ಆಕಸ್ಮಿಕವಲ್ಲ) ಎನ್ನುತ್ತದೆ. ಹಳ್ಳಿ ಮಟ್ಟದ ರಿಗ್ರೆಷನ್ ಮಾಡಿದ ಕೂಡಲೇ ರೆಸಿಡ್ಯುಯಲ್‌ಗಳನ್ನು, ಅಂದರೆ ಲೆಕ್ಕ ವಿವರಿಸದೆ ಉಳಿದದ್ದನ್ನು, ನಕ್ಷೆಗೆ ಹಾಕಿ, ಅಕ್ಕಪಕ್ಕದವು ಎಷ್ಟು ಹೋಲುತ್ತವೆ ಎಂದು ಅಳೆಯುವ ಮೊರಾನ್ ಐ ತೆಗೆಯಿರಿ. ಅದು ಸುಮ್ಮನಿದ್ದರೆ ಸಾಮಾನ್ಯ ರಿಗ್ರೆಷನ್ ಸಾಕು. ಎದ್ದು ಕಂಡರೆ ಮೂರು ದಾರಿ.

ಪಕ್ಕದ ಹಳ್ಳಿಯಲ್ಲಿ ಆಗಿದ್ದೇ ಈ ಹಳ್ಳಿಯನ್ನು ಬದಲಿಸುತ್ತದೆ ಎನಿಸಿದರೆ ಸ್ಪೇಷಿಯಲ್ ಲ್ಯಾಗ್. ಹೊಳಲ್ಕೆರೆ, ಹೊಸದುರ್ಗದ ಕಡೆ ಬೋರ್ ಕೊರೆಸಿ ಅಡಿಕೆ ಹಾಕುವುದು ಒಬ್ಬರನ್ನು ನೋಡಿ ಒಬ್ಬರು ಮಾಡುವ ಕೆಲಸ. ಅಲ್ಲಿ ಲ್ಯಾಗ್ ಹೊಂದುತ್ತದೆ. ಹಳ್ಳಿಗಳು ಒಂದನ್ನೊಂದು ನೋಡುತ್ತಿಲ್ಲ, ಆದರೆ ನೀವು ಅಳೆಯದ ಮಳೆಯೋ ಮಣ್ಣೋ ಎಲ್ಲಕ್ಕೂ ಒಂದೇ ಎನಿಸಿದರೆ ಸ್ಪೇಷಿಯಲ್ ಎರರ್. ಮೂರನೆಯದು ಜಿಡಬ್ಲ್ಯುಆರ್, ಅಂದರೆ ಜಿಯೋಗ್ರಾಫಿಕಲಿ ವೆಯ್ಟೆಡ್ ರಿಗ್ರೆಷನ್. 1996ರಲ್ಲಿ ಬ್ರನ್ಸ್‌ಡನ್, ಫೋದರಿಂಗ್‌ಹ್ಯಾಮ್, ಚಾರ್ಲ್‌ಟನ್ ತಂದ ವಿಧಾನ. ಸಂಬಂಧವೇ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ ಎನ್ನುವಾಗ ಇದು. ಬೆಂಗಳೂರು–ಪುಣೆ ಹೆದ್ದಾರಿಗೆ ಹತ್ತಿರದ ಹಿರಿಯೂರಿನ ಹಳ್ಳಿಗಳಲ್ಲಿ ನೀರಾವರಿಗೂ ಗುಳೆಗೂ ಇರುವ ನಂಟು, ಚಳ್ಳಕೆರೆಯ ಒಳಗಿನ ಹಳ್ಳಿಗಳಲ್ಲಿರುವುದಕ್ಕಿಂತ ಬೇರೆಯೇ ಎಂದು ನೋಡಲು ಚೆನ್ನಾಗಿರುತ್ತದೆ. ನಕ್ಷೆಯೂ ಅಂದವಾಗಿ ಬರುತ್ತದೆ. ಅಂದಕ್ಕೆ ಮಾರುಹೋಗಬೇಡಿ. ನೂರಾರು ಸಾಲು ಇಲ್ಲದಿದ್ದರೆ ಜಿಡಬ್ಲ್ಯುಆರ್ ಬೇಡ. ಇದ್ದರೂ ಅದನ್ನು ಹೊಸ ಪ್ರಶ್ನೆ ಹುಡುಕಲು ಬಳಸಿ, ಕೊನೆಯ ತೀರ್ಪಿಗೆ ಬೇಡ.

ಅಂಚಿನ ಹಳ್ಳಿಗಳ ಬಗ್ಗೆಯೂ ಯೋಚಿಸಿ. ಮೊಳಕಾಲ್ಮೂರಿಗೆ ಆಂಧ್ರದ ರಾಯದುರ್ಗ ಹತ್ತಿರ. ಹರಿಹರದಿಂದ ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆ. ಜನರ ಸಂತೆ, ಸಂಬಂಧ, ಆಸ್ಪತ್ರೆ ಗಡಿ ನೋಡುವುದಿಲ್ಲ. ನಿಮ್ಮ ಟೇಬಲ್ ಮಾತ್ರ ಗಡಿಯಲ್ಲಿ ನಿಲ್ಲುತ್ತದೆ. ಆಚೆಯ ಒಂದು ಸುತ್ತಿನ ಹಳ್ಳಿಗಳನ್ನೂ ಸೇರಿಸಿಕೊಂಡರೆ ನೆರೆಹೊರೆಯ ಲೆಕ್ಕ ಸರಿಯಾಗುತ್ತದೆ.

ಮನೆಯೂ ಇದೆ, ಹಳ್ಳಿಯೂ ಇದೆ

1950ರಲ್ಲಿ ರಾಬಿನ್ಸನ್ ಅಮೆರಿಕದ 1930ರ ಗಣತಿಯನ್ನು ಎರಡು ರೀತಿ ನೋಡಿದರು. ರಾಜ್ಯಗಳ ಮಟ್ಟದಲ್ಲಿ, ಹೊರದೇಶದಲ್ಲಿ ಹುಟ್ಟಿದವರು ಹೆಚ್ಚಿದ್ದಲ್ಲಿ ಅನಕ್ಷರತೆ ಕಡಿಮೆ ಇತ್ತು. ಸಹಸಂಬಂಧ −0.53. ವ್ಯಕ್ತಿಗಳ ಮಟ್ಟದಲ್ಲಿ ನೋಡಿದರೆ ಚಿಹ್ನೆಯೇ ಉಲ್ಟಾ, +0.12. ಹೊರಗಿನಿಂದ ಬಂದವರು ಅಕ್ಷರಸ್ಥರು ಹೆಚ್ಚಿರುವ ರಾಜ್ಯಗಳಲ್ಲಿ ನೆಲೆಸಿದ್ದರು, ಅಷ್ಟೇ. ಹಳ್ಳಿಯ ಅಂಕಿಯಿಂದ ಮನೆಯ ಬಗ್ಗೆ, ತಾಲೂಕಿನ ಅಂಕಿಯಿಂದ ರೈತನ ಬಗ್ಗೆ ಹೇಳುವ ಪ್ರತಿ ವಾಕ್ಯಕ್ಕೂ ಈ ಅಪಾಯ ಇದೆ.

ಹಳ್ಳಿಗಳನ್ನು ಆರಿಸಿ, ಪ್ರತಿ ಹಳ್ಳಿಯಲ್ಲಿ ಮನೆಗಳನ್ನು ಸುತ್ತಿದ್ದರೆ ಮಲ್ಟಿಲೆವೆಲ್ ಮಾಡೆಲ್ ಇರುವುದೇ ನಿಮಗಾಗಿ. ಗುಳೆ ಹೋಗುವುದರಲ್ಲಿ ಮನೆಯ ಪಾಲೆಷ್ಟು, ಹಳ್ಳಿಯ ಪಾಲೆಷ್ಟು ಎಂದು ಅದು ಬೇರ್ಪಡಿಸುತ್ತದೆ. ಆದರೆ ಹಳ್ಳಿಗಳು ಕೊನೆಪಕ್ಷ ಇಪ್ಪತ್ತು, ಮೂವತ್ತಾದರೂ ಇರಬೇಕು. ನಾಲ್ಕು ಹಳ್ಳಿ, ಹಳ್ಳಿಗೆ ಐವತ್ತು ಮನೆ ಎಂಬುದು ನಮ್ಮಲ್ಲಿ ಮಾಮೂಲಿ ವಿನ್ಯಾಸ. ಅದಕ್ಕೆ ಮಲ್ಟಿಲೆವೆಲ್ ಹೊಂದುವುದಿಲ್ಲ. ಹಳ್ಳಿಯ ಹೆಸರನ್ನೇ ಡಮ್ಮಿ ಕಾಲಂ (ಆ ಹಳ್ಳಿಯಾದರೆ 1, ಇಲ್ಲದಿದ್ದರೆ 0) ಮಾಡಿ ಲಾಜಿಸ್ಟಿಕ್‌ಗೆ ಹಾಕಿ. ಇನ್ನೂ ಸಮೀಕ್ಷೆಗೆ ಹೊರಡದವರು, ಅದೇ ಇನ್ನೂರು ಮನೆಯನ್ನು ಇಪ್ಪತ್ತೈದು ಹಳ್ಳಿಗೆ ಎಂಟೆಂಟರಂತೆ ಹಂಚಿ. ಓಡಾಟ ಜಾಸ್ತಿ, ಬಸ್ಸು ಸಿಗುವುದು ಕಷ್ಟ, ಜಗಳೂರಿನ ಬಿಸಿಲಲ್ಲಿ ನಡೆಯಬೇಕು. ಹಾಗಿದ್ದರೂ ನಾಲ್ಕು ಹಳ್ಳಿಯಿಂದ ಜಿಲ್ಲೆಯ ಬಗ್ಗೆ ಹೇಳಲಾಗದ್ದನ್ನು ಇಪ್ಪತ್ತೈದರಿಂದ ಹೇಳಬಹುದು.

ಉಳಿದವು ಬೇಗ ಮುಗಿಯುತ್ತವೆ. ಕರೆಸ್ಪಾಂಡೆನ್ಸ್ ಅನಾಲಿಸಿಸ್ ವರ್ಗಗಳ ಟೇಬಲ್‌ಗೆ ಒಳ್ಳೆಯದು. ಮಂಡಕ್ಕಿ ಭಟ್ಟಿ, ಹಮಾಲಿ, ಅಂಗಡಿ ಕೆಲಸ, ಗಾರ್ಮೆಂಟ್ಸ್ ಎಂದು ಕೆಲಸಗಳನ್ನು ಒಂದು ಕಡೆ, ದಾವಣಗೆರೆಯ ಬಡಾವಣೆಗಳನ್ನು ಇನ್ನೊಂದು ಕಡೆ ಇಟ್ಟರೆ ಯಾವುದು ಯಾವುದರ ಹತ್ತಿರ ಎಂದು ಚಿತ್ರ ಕೊಡುತ್ತದೆ. ನಮ್ಮಲ್ಲಿ ಇದನ್ನು ಇನ್ನೂ ಹೆಚ್ಚು ಬಳಸಬೇಕು. ಮಲ್ಟಿಡೈಮೆನ್ಷನಲ್ ಸ್ಕೇಲಿಂಗ್ ಜನರ ಮನಸ್ಸಿನಲ್ಲಿರುವ ಊರಿನ ನಕ್ಷೆ ತಿಳಿಯುವವರಿಗೆ. ಕಾಲಂಗಳ ಎರಡು ಗುಂಪುಗಳ ನಡುವಿನ ನಂಟು ನೋಡುವ ಕ್ಯಾನೊನಿಕಲ್ ಕೋರಿಲೇಷನ್ ಸಾಲು ಬಹಳ ಬೇಡುತ್ತದೆ, ಓದುವುದೂ ಕಷ್ಟ. ಪಿಎಚ್.ಡಿ.ಗೆ ಶಿಫಾರಸು ಮಾಡುವುದಿಲ್ಲ.

ಸಾಫ್ಟ್‌ವೇರ್

ಎಸ್‌ಪಿಎಸ್‌ಎಸ್‌ಗೆ ದುಡ್ಡು ಬೇಕು. ವಿಶ್ವವಿದ್ಯಾಲಯದಲ್ಲಿ ಲೈಸೆನ್ಸ್ ಇದ್ದರೆ ಸರಿ, ಇಲ್ಲದಿದ್ದರೆ ಅದಕ್ಕಾಗಿ ಪರದಾಡಬೇಡಿ. ಜಮೋವಿ ಉಚಿತ, ಮೆನು ಒತ್ತಿ ಕೆಲಸ ಮಾಡಬಹುದು, ಪ್ಯಾರಲಲ್ ಅನಾಲಿಸಿಸ್ ಕೂಡ ಇದೆ. ಎಂ.ಎ.ಯವರಿಗೆ ಸಾಕು. ಮೊರಾನ್ ಐ, ಸ್ಪೇಷಿಯಲ್ ಲ್ಯಾಗ್ ಮತ್ತು ಎರರ್, ನಕ್ಷೆಯ ಜೊತೆ ಕ್ಲಸ್ಟರ್ ಬೇಕಾದವರಿಗೆ ಜಿಯೋಡಾ, ಅದೂ ಉಚಿತ. ನಕ್ಷೆ ಸಿದ್ಧಮಾಡಲು ಕ್ಯೂಜಿಐಎಸ್. ಪಿಎಚ್.ಡಿ. ಮಾಡುವವರು ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ಮಲ್ಟಿಲೆವೆಲ್, ಜಿಡಬ್ಲ್ಯುಆರ್, ಲಾಗ್ ಅನುಪಾತದ ಪಿಸಿಎ ಎಲ್ಲ ಅಲ್ಲೇ ಸಿಗುತ್ತದೆ. ಮಾಡಿದ ಪ್ರತಿ ಹೆಜ್ಜೆಯೂ ಫೈಲಿನಲ್ಲಿ ಉಳಿಯುತ್ತದೆ, ಆದ್ದರಿಂದ ಮೌಲ್ಯಮಾಪಕರು ಒಂದು ಕಾಲಂ ತೆಗೆದು ಮತ್ತೆ ಮಾಡಿ ಎಂದರೆ ಅರ್ಧ ಗಂಟೆಯ ಕೆಲಸ. ಶುರುವಿಗೆ ನಿಮ್ಮದೇ ತಾಲೂಕಿನ 2011ರ ಹಳ್ಳಿ ಪಟ್ಟಿಯನ್ನು ತೆರೆದು, ಹೆಸರು ಕೇಳಿ ಗೊತ್ತಿರುವ ಹಳ್ಳಿಗಳ ಸಾಲುಗಳನ್ನು ಓದಿ. ಜನರಿದ್ದೂ ದುಡಿಮೆಗಾರರ ಕಾಲಂ ಖಾಲಿ ಇರುವ ಹಳ್ಳಿ, ನೀರಾವರಿ ಭೂಮಿ ಒಟ್ಟು ಭೂಮಿಗಿಂತ ಹೆಚ್ಚಿರುವ ಹಳ್ಳಿ ಸಿಕ್ಕರೆ ಗುರುತು ಹಾಕಿ. ಅವನ್ನು ಸರಿಪಡಿಸಿ ಅಥವಾ ಕಾರಣ ಬರೆದು ಬಿಟ್ಟ ಮೇಲೆ ಪಿಸಿಎಯೋ ಕ್ಲಸ್ಟರೋ ಓಡಿಸಿ.